ವಿಶ್ವದಾಖಲೆ ಆದ ದಿನವೇ ಡೋಪಿಂಗ್ ಬಗ್ಗೆ ಕೇಳುವುದು ತಪ್ಪಾ?

ಕೊನೆಯ ಲ್ಯಾಪ್

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

2024ರ ಅಕ್ಟೋಬರ್ 13ರ ಶಿಕಾಗೊ ಮ್ಯಾರಥಾನ್ ನಿಮಗೆ ನೆನಪಿರಬಹುದು. ಕೀನ್ಯಾದ ರೂತ್ ಚೆಪ್‌ಗೆಟಿಚ್ 2:09:56ಕ್ಕೆ ಓಟ ಮುಗಿಸಿದರು. ಅಲ್ಲಿಯವರೆಗಿನ ವಿಶ್ವದಾಖಲೆ 2:11:53. ಅದನ್ನು ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ ಹಿಂದಿನ ವರ್ಷ ಬರ್ಲಿನ್‌ನಲ್ಲಿ ಮಾಡಿದ್ದರು. ಅದೇ ದೊಡ್ಡ ಸಾಧನೆ. ಇವರು ಅದರಿಂದಲೂ ಹೆಚ್ಚೂಕಮ್ಮಿ ಎರಡು ನಿಮಿಷ ಕಿತ್ತುಹಾಕಿದರು.

ಓಟ ನೋಡುವಾಗ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಸ್ಪ್ಲಿಟ್ (ಹಂತ ಹಂತದ ಸಮಯ) ಬರೆದುಕೊಳ್ಳುವುದು ನನ್ನ ಅಭ್ಯಾಸ. ಅರ್ಧ ದಾರಿಗೆ 1:04:16. ಬರೆದು ಕೆಳಗೊಂದು ಗೆರೆ ಎಳೆದೆ. ಇಷ್ಟು ಜೋರಾಗಿ ಹೊರಟವರು 30 ಕಿಲೋಮೀಟರ್ ದಾಟಿದ ಮೇಲೆ ಸಾಮಾನ್ಯವಾಗಿ ಕುಸಿಯುತ್ತಾರೆ. ಇವರು ಕುಸಿಯಲಿಲ್ಲ. ಎರಡನೇ ಅರ್ಧ 1:05:40. ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಏನೋ ಒಂಥರಾ ಕಸಿವಿಸಿಯೂ ಆಯಿತು. ಎರಡೂ ಒಟ್ಟಿಗೆ.

ಆಮೇಲೆ ಪತ್ರಿಕಾಗೋಷ್ಠಿ. ಒಬ್ಬ ವರದಿಗಾರ ಎದ್ದು ನೇರವಾಗಿ ಕೇಳಿದರು: ಈ ಸಮಯ ನಂಬುವಂಥದ್ದಲ್ಲ ಅನ್ನುವವರಿಗೆ ನಿಮ್ಮ ಉತ್ತರ ಏನು ಅಂತ. ಪ್ರಶ್ನೆ ಕೇಳಿದವರ ಮೇಲೆ ಜನ ಮುಗಿಬಿದ್ದರು. ಅವಮಾನ ಮಾಡಿದರು, ಸಾಕ್ಷಿ ಇಲ್ಲದೆ ಮಾತಾಡಿದರು, ಸಂಭ್ರಮದ ದಿನ ಹಾಳು ಮಾಡಿದರು ಅಂತೆಲ್ಲ.

ಮುಂದಿನದ್ದು ಗೊತ್ತೇ ಇದೆ. 2025ರ ಮಾರ್ಚ್ 14ರಂದು ಕೊಟ್ಟ ಮೂತ್ರದ ಮಾದರಿಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸಿಕ್ಕಿತು. ಬಿಪಿಗೆ ಕೊಡುವ ಮಾತ್ರೆ ಅದು. ಮೂತ್ರ ಜಾಸ್ತಿ ಮಾಡಿಸುತ್ತೆ, ಬೇರೆ ಮದ್ದಿನ ಗುರುತು ಮುಚ್ಚಲು ಬಳಸಬಹುದು ಅಂತ ನಿಷೇಧ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಮೀರಿದರೆ ಲ್ಯಾಬ್ ವರದಿ ಮಾಡಬೇಕು. ಅವರದ್ದು 3,800 ಇತ್ತು. ಮೊದಲು ಹೇಗೆ ಬಂತೋ ಗೊತ್ತಿಲ್ಲ ಅಂದರು. ಆಮೇಲೆ ಮನೆ ಕೆಲಸದಾಕೆಯ ಮಾತ್ರೆ ತಗೊಂಡಿದ್ದೆ ಅಂದರು. ಅಕ್ಟೋಬರ್‌ನಲ್ಲಿ ಮೂರು ವರ್ಷದ ನಿಷೇಧ ಬಿತ್ತು.

ನನ್ನ ಅಭಿಪ್ರಾಯ ಇಷ್ಟು. ಆ ಪ್ರಶ್ನೆ ಸರಿ. ಅದೇ ದಿನ ಕೇಳಿದ್ದೂ ಸರಿ. ಎದುರಿಗೆ ಕೂತವರನ್ನು ಕೇಳಿದರೆ ಅವರಿಗೆ ಉತ್ತರ ಕೊಡುವ ಅವಕಾಶ ಇರುತ್ತೆ. ಹೊರಗೆ ಬಂದು ಪಿಸುಗುಟ್ಟಿದರೆ ಆ ಅವಕಾಶವೂ ಇಲ್ಲ. ನನಗೆ ನಿಜವಾಗಿ ಸಿಟ್ಟು ಬಂದಿರುವುದು ಉಳಿದ ಮಾಧ್ಯಮದ ಮೇಲೆ. ದಾಖಲೆಯ ದಿನ ಬರೀ ಜೈಕಾರ, ನಿಷೇಧದ ದಿನ ಬರೀ ಛೀಮಾರಿ. ನಡುವಿನ ವರ್ಷದಲ್ಲಿ ಒಬ್ಬರಾದರೂ ಕೂತು ಕೆಲಸ ಮಾಡಿದ ವರದಿ ನನ್ನ ಕಣ್ಣಿಗೆ ಬಿದ್ದಿದ್ದು ಬಹಳ ಕಡಿಮೆ.

ನೀವೇನಂತೀರಿ? ಆ ಪ್ರಶ್ನೆ ಅವತ್ತು ಕೇಳಬೇಕಿತ್ತಾ?

ಬರಿಗಾಲು

ಕೇಳಬಾರದಿತ್ತು ಅಂತಲೇ ನನ್ನ ಮಾತು. ಕೊನೆಗೆ ಏನಾಯಿತು ಅಂತ ಗೊತ್ತಾದ ಮೇಲೆ ಪ್ರಶ್ನೆ ಸರಿ ಅನ್ನುವುದು ಸುಲಭ. ಅವತ್ತು ಆ ವರದಿಗಾರರ ಕೈಯಲ್ಲಿ ಏನಿತ್ತು? ಒಂದು ಸಮಯ, ಅಷ್ಟೇ. 42 ಕಿಲೋಮೀಟರ್ ಓಡಿ ಬಂದವರು ಆ ಪ್ರಶ್ನೆಗೆ ಏನು ಹೇಳಬೇಕು? ಮೋಸ ಮಾಡಿದವರೂ ಇಲ್ಲ ಅಂತಾರೆ, ಮಾಡದವರೂ ಇಲ್ಲ ಅಂತಾರೆ. ಉತ್ತರದಿಂದ ಏನೂ ತಿಳಿಯಲ್ಲ ಅಂದಮೇಲೆ ಪ್ರಶ್ನೆ ಯಾಕೆ?

ಪೀಟರ್ ಬೋಲ್ ಕಥೆ ನೋಡಿ. ಆಸ್ಟ್ರೇಲಿಯಾದ 800 ಮೀಟರ್ ಓಟಗಾರ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರು. 2023ರ ಜನವರಿಯಲ್ಲಿ ಎ ಸ್ಯಾಂಪಲ್‌ನಲ್ಲಿ ಇಪಿಒ, ಅಂದರೆ ಕೆಂಪು ರಕ್ತಕಣ ಹೆಚ್ಚಿಸುವ ಮದ್ದು, ಇದೆ ಅಂತ ಸುದ್ದಿ ಬಂತು. ಒಂದೇ ಮಾದರಿಯನ್ನು ಎ, ಬಿ ಅಂತ ಎರಡು ಬಾಟಲಿಗೆ ಹಾಕಿರುತ್ತಾರೆ. ಮರುಪರೀಕ್ಷೆಗೆ ಇಟ್ಟ ಬಿ ಸ್ಯಾಂಪಲ್ ಇನ್ನೂ ತೆರೆದೇ ಇರಲಿಲ್ಲ. ಎಲ್ಲ ಕಡೆ ಹೆಸರು, ಫೋಟೊ. ಬಿ ಸ್ಯಾಂಪಲ್ ಎ ಜೊತೆ ತಾಳೆ ಆಗಲಿಲ್ಲ. ಅಮಾನತು ತೆಗೆದರು. ಆಗಸ್ಟ್‌ನಲ್ಲಿ ತನಿಖೆಯನ್ನೇ ಕೈಬಿಟ್ಟರು. ಇಪಿಒ ಪರೀಕ್ಷೆ ಸಕ್ಕರೆ ಕಾಯಿಲೆಯ ಪರೀಕ್ಷೆ ಥರ ಒಂದು ನಂಬರ್ ಕೊಡಲ್ಲ. ಜೆಲ್ ಮೇಲೆ ಮೂಡುವ ಗೆರೆಗಳನ್ನು ತಜ್ಞರು ನೋಡಿ ತೀರ್ಮಾನ ಮಾಡಬೇಕು. ಅಲ್ಲಿ ಭಿನ್ನಾಭಿಪ್ರಾಯ ಬರುತ್ತೆ. ಬೋಲ್ ಕಳಕೊಂಡ ಆ ತಿಂಗಳುಗಳನ್ನು ಯಾವ ಪತ್ರಿಕೆ ವಾಪಸ್ ಕೊಟ್ಟಿತು?

ಇನ್ನೊಂದು ಮಾತು. ಕೀನ್ಯಾದವರು ಗೆದ್ದರೆ ಅದೇ ದಿನ ಪ್ರಶ್ನೆ. ಬೇರೆ ಎಲ್ಲರಿಗೂ ಹೀಗೇ ಕೇಳುತ್ತಾರಾ?

ಕೊನೆಯ ಲ್ಯಾಪ್

ಬರಿಗಾಲು ಅವರೇ, ಕೊನೆಯ ಮಾತು ಪೂರ್ತಿ ಒಪ್ಪುತ್ತೇನೆ. ದೇಶ ನೋಡಿ ಅನುಮಾನ ಪಡುವುದು ಅನ್ಯಾಯ. ಅಸಾಧಾರಣ ಸಮಯ ಯಾರದ್ದೇ ಇರಲಿ, ಯಾವ ಬಣ್ಣದ ಬನಿಯನ್ ಹಾಕಿಕೊಂಡಿರಲಿ, ಅದೇ ಪ್ರಶ್ನೆ ಅದೇ ದನಿಯಲ್ಲಿ ಬರಬೇಕು.

ಆದರೆ ಕೈಯಲ್ಲಿ ಒಂದು ಸಮಯ ಬಿಟ್ಟು ಏನೂ ಇರಲಿಲ್ಲ ಅನ್ನುವುದನ್ನು ಒಪ್ಪಲ್ಲ. ಆ ಸಮಯದಲ್ಲೇ ಕೇಳಬೇಕಾದ ಎಷ್ಟೋ ವಿಷಯ ಇತ್ತು. ಪುರುಷ ಪೇಸರ್‌ಗಳು (ವೇಗ ಕಾಯ್ದುಕೊಡಲು ಜೊತೆಗೆ ಓಡುವವರು) ಇದ್ದರು, ಅದರಿಂದ ಎಷ್ಟು ಸಹಾಯ? ಮಹಿಳೆಯರು ಮಾತ್ರ ಓಡುವ ಮ್ಯಾರಥಾನ್‌ಗೆ ವಿಶ್ವ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ ಬೇರೆಯೇ ದಾಖಲೆ ಇಟ್ಟಿದೆ. ಅವತ್ತಿಗೆ ಅದು 2:16:16, ಪೆರೆಸ್ ಜೆಪ್‌ಚಿರ್ಚಿರ್ 2024ರಲ್ಲಿ ಲಂಡನ್‌ನಲ್ಲಿ ಓಡಿದ್ದು. ಎರಡರ ನಡುವೆ ಆರು ನಿಮಿಷಕ್ಕೂ ಜಾಸ್ತಿ ಅಂತರ! ಶೂ ಯಾವುದು? ರಸ್ತೆ ಓಟಕ್ಕೆ ಅಡಿಭಾಗ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದೇ ಗಟ್ಟಿ ಪ್ಲೇಟ್ ಇರಬಹುದು ಅನ್ನುವ ನಿಯಮ 2020ರಿಂದ ಇದೆ. ಆ ಮಿತಿಯೊಳಗೇ ಶೂಗಳು ಎಷ್ಟು ಬದಲಾಗಿವೆ? ಓಟಕ್ಕೆ ಮುಂಚಿನ ತಿಂಗಳುಗಳಲ್ಲಿ ಎಷ್ಟು ಸಲ ಪರೀಕ್ಷೆ ಆಗಿತ್ತು? ಇವೆಲ್ಲ ಕೇಳಿದ್ದರೆ ಡೋಪಿಂಗ್ ಪ್ರಶ್ನೆ ಬಾಣದ ಥರ ಒಂಟಿಯಾಗಿ ಬಂದು ಚುಚ್ಚುತ್ತಿರಲಿಲ್ಲ. ನಿಜಕ್ಕೂ ಶುದ್ಧವಾಗಿ ಓಡಿದವರಿಗೆ ಇಂಥ ಪ್ರಶ್ನೆಗಳಲ್ಲಿ ಹೇಳಿಕೊಳ್ಳಲು ಬೇಕಾದಷ್ಟಿರುತ್ತೆ.

ನೂರು ಹರ್ಡಲ್ಸ್

ನಾನು ಕೆಲವು ಕೂಟಗಳಲ್ಲಿ ಡೋಪಿಂಗ್ ಪರೀಕ್ಷೆಗೆ ಚಾಪರೋನ್ (ಅಥ್ಲೀಟ್ ಜೊತೆಗಿದ್ದು ಕಾಯುವವರು) ಆಗಿ ಸ್ವಯಂಸೇವೆ ಮಾಡಿದ್ದೇನೆ. ಆ ಅನುಭವದಿಂದ ಎರಡು ಮಾತು.

ಓಟ ಮುಗಿಸಿ ಬಂದ ಹುಡುಗಿಗೆ ನೋಟಿಸ್ ಕೊಟ್ಟ ಕ್ಷಣದಿಂದ ಅವಳು ನನ್ನ ಕಣ್ಣಿಂದ ಮರೆಯಾಗುವ ಹಾಗಿಲ್ಲ. ಅಮ್ಮನ ಜೊತೆ ಮಾತಾಡಬಹುದು, ಪದಕ ತಗೊಳ್ಳಬಹುದು, ಆದರೆ ನಾನು ಪಕ್ಕದಲ್ಲೇ ಇರಬೇಕು. ಬಿಸಿಲಲ್ಲಿ ಓಡಿದವರಿಗೆ ಮೈಯಲ್ಲಿ ನೀರೇ ಇರಲ್ಲ. ಕನಿಷ್ಠ 90 ಮಿಲಿಲೀಟರ್ ಬೇಕು. ಬರಲ್ಲ. ಸೀಲ್ ಒಡೆಯದ ಬಾಟಲಿಗಳಿಂದ ನೀರು ಕುಡಿಯುತ್ತಾ ಕೂರುತ್ತಾರೆ. ಜಾಸ್ತಿ ಕುಡಿದರೆ ಮಾದರಿ ತೀರಾ ತೆಳು ಆಗುತ್ತೆ, ಮತ್ತೆ ಕೊಡಬೇಕು. ಮೈದಾನದ ದೀಪ ಆರಿಸಿದ ಮೇಲೂ ಕಾದು ಕೂತಿದ್ದ ಒಬ್ಬ ಹುಡುಗಿಯ ಮುಖ ಈಗಲೂ ಕಣ್ಣಮುಂದೆ ಇದೆ. ಕಾಲು ನಡುಗುತ್ತಿತ್ತು, ಶಾಲು ಹೊದ್ದುಕೊಂಡಿದ್ದಳು. ಕೊನೆಗೆ ಮಾದರಿ ಆದಾಗ ಕಿಟ್ ಅವಳೇ ಆರಿಸಿದಳು, ಎ ಮತ್ತು ಬಿ ಬಾಟಲಿಗೆ ಅವಳೇ ಸುರಿದಳು, ಮುಚ್ಚಳ ಅವಳೇ ತಿರುಗಿಸಿದಳು. ಲ್ಯಾಬಿಗೆ ಹೋಗುವುದು ಬರೀ ಕೋಡ್ ನಂಬರ್, ಹೆಸರು ಇರಲ್ಲ.

ಇದನ್ನೆಲ್ಲ ಯಾವ ಚಾನೆಲ್ಲಾದರೂ ತೋರಿಸಿದೆಯಾ? ಇಡೀ ವ್ಯವಸ್ಥೆ ಹೇಗೆ ನಡೆಯುತ್ತೆ ಅಂತ ಜನರಿಗೆ ಗೊತ್ತಿದ್ದರೆ ಬಿ ಸ್ಯಾಂಪಲ್ ತೆರೆಯುವ ಮುಂಚೆ ಯಾರನ್ನೂ ಕಳ್ಳ ಅನ್ನಲ್ಲ. ಪರೀಕ್ಷೆ ಪಾಸಾದರು ಅಂದ ತಕ್ಷಣ ಶುದ್ಧ ಅಂತಲೂ ನಂಬಲ್ಲ. ಅಮೆರಿಕದ ಓಟಗಾರ್ತಿ ಮೇರಿಯನ್ ಜೋನ್ಸ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಐದು ಪದಕ ಗೆದ್ದರು. ಅವು ಹೋಗಿದ್ದು 2007ರಲ್ಲಿ ಅವರೇ ತಪ್ಪೊಪ್ಪಿಕೊಂಡ ಮೇಲೆ. ಸಿಡ್ನಿಯ ಯಾವ ಬಾಟಲಿಯೂ ಅವರನ್ನು ಹಿಡಿದಿರಲಿಲ್ಲ.

ಇನ್ನೊಂದು ಗೊಂದಲ, ಪರೀಕ್ಷೆ ತಪ್ಪಿಸಿಕೊಂಡವರ ಸುದ್ದಿ. ಅಗ್ರ ಅಥ್ಲೀಟ್‌ಗಳು ದಿನಕ್ಕೆ ಒಂದು ಗಂಟೆಯ ಸ್ಲಾಟ್ ಕೊಟ್ಟು ಎಲ್ಲಿರುತ್ತೇವೆ ಅಂತ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ನಿಯಮ ಮುರಿದ ಹಾಗೆ. 100 ಮೀಟರ್ ಹರ್ಡಲ್ಸ್ ವಿಶ್ವದಾಖಲೆ ಇರುವ ನೈಜೀರಿಯಾದ ಟೋಬಿ ಅಮುಸನ್ ಮೇಲೆ 2023ರಲ್ಲಿ ಈ ಆರೋಪ ಬಂತು. ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಶುರುವಾಗುವ ಹೊತ್ತಿಗೆ ನ್ಯಾಯಮಂಡಳಿ ಅವರನ್ನು ನಿರ್ದೋಷಿ ಅಂದಿತು. ಬಹರೇನ್‌ನ 400 ಮೀಟರ್ ಓಟಗಾರ್ತಿ ಸಲ್ವಾ ಈದ್ ನಾಸೆರ್ ವಿಷಯದಲ್ಲಿ ಉಲ್ಟಾ. ಮೊದಲು ಬಿಟ್ಟರು, 2021ರಲ್ಲಿ ಮೇಲಿನ ನ್ಯಾಯಾಲಯ ಎರಡು ವರ್ಷ ನಿಷೇಧಿಸಿತು. ಆ ಪ್ರಕರಣದಲ್ಲಿ ಒಮ್ಮೆ ಅಧಿಕಾರಿ ತಟ್ಟಿದ್ದೇ ಬೇರೆ ಬಾಗಿಲು ಅನ್ನುವ ವಾದವೂ ಇತ್ತು. ಒಂದೇ ನಿಯಮ, ಎರಡು ಬೇರೆ ತೀರ್ಪು. ಯಾಕೆ ಹಾಗೆ ಅಂತ ವಿವರಿಸಿದ ವರದಿ ಹುಡುಕಿದರೂ ಸಿಗಲ್ಲ. ಇಬ್ಬರ ಹೆಸರಿನ ಪಕ್ಕದಲ್ಲೂ ಡೋಪಿಂಗ್ ಅಂತ ಹೆಡ್‌ಲೈನ್ ಮಾತ್ರ ಇದೆ.

ಕೊನೆಯ ಲ್ಯಾಪ್

ಮೇಡಂ, ತುಂಬಾ ಥ್ಯಾಂಕ್ಸ್. ಆ ಹುಡುಗಿಯ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ಗೆದ್ದ ರಾತ್ರಿ ಹೀಗೂ ಇರುತ್ತೆ ಅಂತ ನಮಗೆ ಯಾರೂ ತೋರಿಸಲ್ಲ.

ಸುದ್ದಿಮನೆ

ನಾನು ಕ್ರೀಡಾ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತವನು. ಒಳಗಿನ ವಿಷಯ ಹೇಳುತ್ತೇನೆ.

ಇಂಥ ಸುದ್ದಿ ಏಜೆನ್ಸಿಯಿಂದ ಬರುವುದು ಹೆಚ್ಚಾಗಿ ರಾತ್ರಿ ಪುಟ ಕಟ್ಟುವ ಹೊತ್ತಿಗೆ. ಕಾಪಿಯಲ್ಲಿ ಮೇಲಿನ ಪ್ಯಾರಾ: ಇಂಥವರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಾರೆ, ತಾತ್ಕಾಲಿಕ ಅಮಾನತು. ಆರನೇ ಪ್ಯಾರಾದಲ್ಲಿ: ಬಿ ಸ್ಯಾಂಪಲ್ ಬಾಕಿ ಇದೆ, ಅಥ್ಲೀಟ್ ನಿರಾಕರಿಸಿದ್ದಾರೆ. ಜಾಗ ಇರುವುದು ನಾಲ್ಕು ಪ್ಯಾರಾಕ್ಕೆ. ಕತ್ತರಿ ಕೆಳಗಿನಿಂದಲೇ ಬೀಳುತ್ತೆ. ಯಾರೂ ಬೇಕಂತ ಮಾಡಲ್ಲ, ಆದರೆ ಓದುಗರ ಕೈಗೆ ಸಿಗುವುದು ತೀರ್ಪಿನಂಥ ಸುದ್ದಿ. ಏಳು ತಿಂಗಳಾದ ಮೇಲೆ ಖುಲಾಸೆ ಸುದ್ದಿ ಬಂದಾಗ ಅವತ್ತು ಕ್ರಿಕೆಟ್ ಇರುತ್ತೆ. ಒಂದು ಕಾಲಂನ ಮೂಲೆ ಸಿಕ್ಕರೆ ಪುಣ್ಯ. ತಾತ್ಕಾಲಿಕ ಅನ್ನುವ ವಿವರ ಮತ್ತು ಬಿ ಸ್ಯಾಂಪಲ್ ಬಾಕಿ ಅನ್ನುವ ಮಾತು ಎರಡನೇ ಪ್ಯಾರಾಕ್ಕೆ ಬರಲೇಬೇಕು ಅಂತ ನಾನು ಡೆಸ್ಕ್‌ನಲ್ಲಿ ಹಟ ಹಿಡಿದಿದ್ದೆ. ನಾನು ಇದ್ದಷ್ಟು ದಿನ ನಡೆಯಿತು.

ಪತ್ರಿಕಾಗೋಷ್ಠಿಯ ಪ್ರಶ್ನೆಗೆ ಬಂದರೆ, ನಾನು ಕೇಳುವ ಕಡೆಯವನೇ. ಆದರೆ ಅಲ್ಲಿ ಸತ್ಯ ಸಿಗುತ್ತೆ ಅಂದುಕೊಳ್ಳಬೇಡಿ. ಸತ್ಯ ಸಿಗಲು ತಿಂಗಳುಗಟ್ಟಲೆ ಬೇಕು. 2014ರ ಡಿಸೆಂಬರ್‌ನಲ್ಲಿ ಜರ್ಮನಿಯ ಎಆರ್‌ಡಿ ವಾಹಿನಿ ರಷ್ಯಾದ ಡೋಪಿಂಗ್ ವ್ಯವಸ್ಥೆಯನ್ನು ಬಯಲಿಗೆಳೆಯಿತು. ವರದಿಗಾರ ಹಾಯೊ ಸೆಪೆಲ್ಟ್. ಮಾಹಿತಿ ಕೊಟ್ಟವರು 800 ಮೀಟರ್ ಓಟಗಾರ್ತಿ ಯೂಲಿಯಾ ಸ್ಟೆಪನೋವಾ ಮತ್ತು ಅವರ ಗಂಡ ವಿಟಾಲಿ. ವಿಟಾಲಿ ರಷ್ಯಾದ ಡೋಪಿಂಗ್ ತಡೆ ಸಂಸ್ಥೆಯಲ್ಲೇ ಕೆಲಸ ಮಾಡಿದವರು. ಯೂಲಿಯಾ ಮಾತುಕತೆಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರು. ಮುಂದಿನ ನವೆಂಬರ್‌ನಲ್ಲಿ ಇಡೀ ರಷ್ಯಾದ ಅಥ್ಲೆಟಿಕ್ಸ್ ಒಕ್ಕೂಟ ಅಮಾನತಾಯಿತು. ವಾಪಸ್ ಸೇರಿಸಿಕೊಂಡಿದ್ದು 2023ರಲ್ಲಿ. ಅಷ್ಟು ವರ್ಷ ಬಾಟಲಿಗಳು ಹೇಳದೇ ಇದ್ದದ್ದನ್ನು ಒಬ್ಬ ವರದಿಗಾರ ಮತ್ತು ಧೈರ್ಯ ಇರುವ ಗಂಡಹೆಂಡತಿ ಹೇಳಿದರು.

ಈಗ ಎಷ್ಟು ಪತ್ರಿಕೆಗಳಲ್ಲಿ ಅಥ್ಲೆಟಿಕ್ಸ್‌ಗೇ ಅಂತ ಒಬ್ಬ ವರದಿಗಾರ ಇದ್ದಾರೆ ಹೇಳಿ?

ಬರಿಗಾಲು

ಸುದ್ದಿಮನೆ ಸರ್, ನೀವು ಹೇಳಿದ ಥರದ ಕೆಲಸಕ್ಕೆ ನನ್ನ ವಿರೋಧ ಇಲ್ಲವೇ ಇಲ್ಲ. ಸಾಕ್ಷಿ ಹುಡುಕಿ, ಕೂಡಿಸಿ, ಆಮೇಲೆ ಬರೆಯಿರಿ. ಮೈಕ್ ಕೈಗೆ ಸಿಕ್ಕಿತು ಅಂತ ಅನುಮಾನ ಬಿತ್ತಬೇಡಿ ಅನ್ನುವುದಷ್ಟೇ ನನ್ನ ಮಾತು. 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಅಮುಸನ್ ಸೆಮಿಫೈನಲ್‌ನಲ್ಲಿ 12.12 ಸೆಕೆಂಡಿನ ವಿಶ್ವದಾಖಲೆ ಓಡಿದಾಗ ಹಿಂದಿನ ಒಲಿಂಪಿಕ್ ಚಾಂಪಿಯನ್ ಮೈಕಲ್ ಜಾನ್ಸನ್ ಅಂಥವರೇ ಗಡಿಯಾರದ ಬಗ್ಗೆ ಅನುಮಾನ ಎತ್ತಿದರು. ಅವರು ಹೇಳಿದ್ದು ಯಂತ್ರದ ಬಗ್ಗೆ. ಆದರೆ ಜನರಿಗೆ ಕೇಳಿಸಿದ್ದು ಅಮುಸನ್ ಬಗ್ಗೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 0.9 ಮೀಟರ್ ಇತ್ತು, ದಾಖಲೆಗೆ ಇರುವ ಮಿತಿಯ ಒಳಗೇ. ದಾಖಲೆ ನಿಂತಿತು. ಫೈನಲ್‌ನಲ್ಲಿ 12.06 ಓಡಿದರು. ಅಲ್ಲಿ ಗಾಳಿ ಮಿತಿ ಮೀರಿ 2.5 ಇದ್ದದ್ದರಿಂದ ಅದು ದಾಖಲೆಗೆ ಬರಲಿಲ್ಲ. ಚಿನ್ನ ಗೆದ್ದ ಹುಡುಗಿಯ ರಾತ್ರಿಯೆಲ್ಲ ಗಡಿಯಾರದ ಚರ್ಚೆಯಲ್ಲೇ ಹೋಯಿತು.

ಹೊಸ ಓದುಗ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಒಂದು ಅರ್ಥ ಆಗಲಿಲ್ಲ. ಚೆಪ್‌ಗೆಟಿಚ್ ನಿಷೇಧ ಆದರೂ 2:09:56 ಯಾಕೆ ಇನ್ನೂ ದಾಖಲೆಯಾಗಿ ಉಳಿದಿದೆ?

ನೂರು ಹರ್ಡಲ್ಸ್

ಮಾದರಿ ಕೊಟ್ಟ ದಿನದಿಂದ ಈಚಿನ ಫಲಿತಾಂಶ ಮಾತ್ರ ಅಳಿಸುತ್ತಾರೆ. ಮಾದರಿ 2025ರ ಮಾರ್ಚ್‌ನದ್ದು, ಓಟ 2024ರ ಅಕ್ಟೋಬರ್‌ನದ್ದು. ಆ ಓಟದಲ್ಲೇ ಮೋಸ ಇತ್ತು ಅಂತ ಬೇರೆ ಸಾಕ್ಷಿ ಸಿಕ್ಕರೆ ಮಾತ್ರ ಅದಕ್ಕೆ ಕೈ ಹಾಕಬಹುದು. ತೀರ್ಪು ಪ್ರಕಟಿಸುವಾಗ, ಡೋಪಿಂಗ್ ಪ್ರಕರಣ ನೋಡಿಕೊಳ್ಳುವ ಅಥ್ಲೆಟಿಕ್ಸ್ ಇಂಟೆಗ್ರಿಟಿ ಯೂನಿಟ್ ತನಿಖೆ ಮುಂದುವರಿಸುತ್ತೇವೆ ಅಂತಲೂ ಹೇಳಿತು. ಮಾದರಿಗಳನ್ನು ಹತ್ತು ವರ್ಷದವರೆಗೆ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಬಹುದು.

ಕೊನೆಯ ಲ್ಯಾಪ್

ಹೊಸ ಓದುಗರೇ, ಕ್ಷಮೆ ಯಾಕೆ, ಬೇಕಾಗಿದ್ದೇ ಈ ಪ್ರಶ್ನೆ. ನಿಷೇಧದ ಸುದ್ದಿ ಜೊತೆ ಈ ಎರಡು ಸಾಲು ಹಾಕಿದ್ದರೆ ಎಷ್ಟೋ ಜನರ ಗೊಂದಲ ತೀರುತ್ತಿತ್ತು.

ಬರಿಗಾಲು ಅವರ ಅಮುಸನ್ ಉದಾಹರಣೆ ಬಗ್ಗೆ ಯೋಚಿಸಿದೆ. ಅಲ್ಲಿ ತಪ್ಪಿದ್ದು ಎಲ್ಲಿ ಅಂದರೆ, ಅನುಮಾನ ಹೊರಗೆ ಬಂತು, ಆದರೆ ಯಾರೂ ಅದರ ಬೆನ್ನು ಹತ್ತಲಿಲ್ಲ. ಗಡಿಯಾರ ಸರಿ ಇತ್ತಾ ಅಂತ ಅಧಿಕಾರಿಗಳನ್ನು ಕೇಳಿ, ಉತ್ತರ ತಂದು, ಅದನ್ನೂ ಅಷ್ಟೇ ಜೋರಾಗಿ ಹೇಳಬೇಕಿತ್ತು. ಕೇಳಿದವರ ಮೇಲೆ ಆ ಜವಾಬ್ದಾರಿ ಇದೆ.

ಆದರೆ ಕೇಳದೆ ಇರುವುದಕ್ಕೂ ಬೆಲೆ ತೆರುವವರು ಇದ್ದಾರೆ. ಅವರ ಬಗ್ಗೆ ಯಾರೂ ಮಾತಾಡಲ್ಲ, ನನಗೆ ಅದೇ ದೊಡ್ಡ ನೋವು. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ 1500 ಮೀಟರ್ ನೋಡಿ. ಟರ್ಕಿಯ ಇಬ್ಬರು ಚಿನ್ನ, ಬೆಳ್ಳಿ ಗೆದ್ದರು. ಇಬ್ಬರ ಪದಕವೂ ಹೋಯಿತು. ನಾಲ್ಕನೇ ಸ್ಥಾನದ ರಷ್ಯಾದ ಟಟ್ಯಾನಾ ತೊಮಶೋವಾ ಫಲಿತಾಂಶವೂ 2024ರಲ್ಲಿ ರದ್ದಾಯಿತು. ಅವತ್ತು ಆರನೆಯವರಾಗಿ ಬಂದ ಅಮೆರಿಕದ ಶಾನನ್ ರೋಬರಿ ಈಗ ಮೂರನೆಯವರು. ಅದೇ ಲಂಡನ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಅಮೆರಿಕದ ಲಶಿಂಡಾ ಡೀಮಸ್ ಬೆಳ್ಳಿ ತಗೊಂಡು ಮನೆಗೆ ಹೋದರು. ಗೆದ್ದ ರಷ್ಯಾದ ನತಾಲ್ಯಾ ಅಂತ್ಯುಖ್ ಫಲಿತಾಂಶ ರದ್ದಾಗಿ ಡೀಮಸ್ ಕೊರಳಿಗೆ ಚಿನ್ನ ಬಿದ್ದಿದ್ದು 2024ರ ಆಗಸ್ಟ್‌ನಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ನಡೆಯುವಾಗ. ಹನ್ನೆರಡು ವರ್ಷ! ಅಷ್ಟೊತ್ತಿಗೆ ಅವರ ಓಟದ ದಿನಗಳೇ ಮುಗಿದಿದ್ದವು. ಜಾಹೀರಾತು, ಪ್ರಾಯೋಜಕರು, ಬಹುಮಾನ, ಎಲ್ಲ ಬೇರೆಯವರ ಪಾಲಾಗಿ ಹೋಗಿತ್ತು. ಪತ್ರಿಕಾಗೋಷ್ಠಿಯಲ್ಲಿ ಸುಮ್ಮನಿದ್ದು ಗೆದ್ದವರಿಗೆ ಮರ್ಯಾದೆ ಕೊಟ್ಟೆವು ಅಂದುಕೊಳ್ಳುತ್ತೇವೆ. ಆರನೇ ಸ್ಥಾನದಲ್ಲಿ ಬಂದವರಿಗೆ ಆ ಮರ್ಯಾದೆ ಬೇಡ್ವಾ?

2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಹೀಗೇ ಅನ್ನಿಸಿತು. ಅಮೆರಿಕದ ಸಿಡ್ನಿ ಮೆಕ್‌ಲಾಕ್ಲಿನ್-ಲೆವ್ರೋನ್ 400 ಮೀಟರ್ ಫೈನಲ್‌ನಲ್ಲಿ 47.78 ಓಡಿದರು. ಒದ್ದೆ ಟ್ರ್ಯಾಕ್ ಮೇಲೆ, ಎಂಥ ಓಟ! ಕೊನೆಯ ಐವತ್ತು ಮೀಟರ್‌ನಲ್ಲಿ ಮರಿಲೇಡಿ ಪೌಲಿನೊ ಬೆನ್ನಟ್ಟಿ ಬರುತ್ತಿದ್ದರೂ ಹೆಜ್ಜೆ ಒಡೆಯಲಿಲ್ಲ. ವಿಶ್ವದಾಖಲೆ 47.60, ಪೂರ್ವ ಜರ್ಮನಿಯ ಮರೀಟಾ ಕೋಖ್ 1985ರಲ್ಲಿ ಕ್ಯಾನ್‌ಬೆರಾದಲ್ಲಿ ಓಡಿದ್ದು. ಕೋಖ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವರಲ್ಲ. ಆದರೆ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಡೋಪಿಂಗ್ ನಡೆಸುತ್ತಿತ್ತು ಅನ್ನುವ ಕಡತಗಳು ಬರ್ಲಿನ್ ಗೋಡೆ ಬಿದ್ದ ಮೇಲೆ ಹೊರಬಂದವು. ಈ ಟೋಕಿಯೊ ಓಟದವರೆಗೆ ಆ ದಾಖಲೆಗೆ 0.18 ಸೆಕೆಂಡಿನಷ್ಟು ಹತ್ತಿರ ಯಾರೂ ಬಂದಿರಲಿಲ್ಲ. ಪರದೆ ಮೇಲೆ 47.60 ಅಂತ ತೋರಿಸುವಾಗ ಆ ಕಾಲದ ಬಗ್ಗೆ ಎರಡು ವಾಕ್ಯ ಹೇಳಬಹುದಿತ್ತಲ್ವಾ? ನಾನು ನೋಡಿದ ಪ್ರಸಾರದಲ್ಲಿ ಹೇಳಲಿಲ್ಲ. ಹೊಸದಾಗಿ ನೋಡುವ ಮಕ್ಕಳಿಗೆ ಸಿಡ್ನಿ ಏನು ಮಾಡಿದರು ಅಂತ ಪೂರ್ತಿ ಗೊತ್ತಾಗುವುದು ಹೇಗೆ?

ಕಾಮೆಂಟರಿ ಹೇಳುವವರಲ್ಲಿ ಬಹಳಷ್ಟು ಜನ ಸ್ವತಃ ಓಡಿದವರು. ಅವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದವರು ಹೇಳಲಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಬರಿಗಾಲು

ಡೀಮಸ್ ವಿಷಯ ಒಪ್ಪಿದೆ. ಆ ಕಡೆಯಿಂದ ಯೋಚಿಸಿದರೆ ಪ್ರಶ್ನೆಗೆ ಜಾಗ ಇದೆ. ಆದರೂ ನನ್ನ ಷರತ್ತು ಬಿಡಲ್ಲ: ಅಂಕಿಅಂಶ ಮುಂದಿಟ್ಟು ಕೇಳಲಿ, ಎಲ್ಲ ದೇಶದವರನ್ನೂ ಕೇಳಲಿ, ಖುಲಾಸೆ ಆದರೆ ಅದೇ ಪುಟದಲ್ಲಿ ಅಷ್ಟೇ ದೊಡ್ಡದಾಗಿ ಹಾಕಲಿ.

ಸುದ್ದಿಮನೆ

ಮೂರನೆಯದನ್ನು ಯಾವ ಸಂಪಾದಕರೂ ಬರೆದು ಕೊಡಲ್ಲ, ಆದರೆ ಕೇಳುತ್ತಲೇ ಇರಬೇಕು. ಓದುಗರ ಪತ್ರ ಬಂದರೆ ಡೆಸ್ಕ್‌ನಲ್ಲಿ ಚರ್ಚೆ ಆಗುತ್ತೆ, ಅದು ನಾನು ಕಣ್ಣಾರೆ ಕಂಡದ್ದು. ಬೋಲ್ ಪ್ರಕರಣದಂಥದ್ದು ಇನ್ನೊಂದು ಬಂದಾಗ ಎಲ್ಲರೂ ಒಂದೊಂದು ಪತ್ರ ಹಾಕಿ.

ಅದಕ್ಕೂ ಮುಂಚೆ, ಹೆಡ್‌ಲೈನ್ ನೋಡಿದ ಕೂಡಲೇ ಇಂಟೆಗ್ರಿಟಿ ಯೂನಿಟ್‌ನ ವೆಬ್‌ಸೈಟ್‌ಗೆ ಹೋಗಿ. ಸದ್ಯಕ್ಕೆ ಯಾರು ಯಾರು ತಾತ್ಕಾಲಿಕ ಅಮಾನತಿನಲ್ಲಿದ್ದಾರೆ ಅನ್ನುವ ಪಟ್ಟಿ ಅಲ್ಲಿ ಎಲ್ಲರಿಗೂ ತೆರೆದಿದೆ. ತೀರ್ಪುಗಳೂ ಇವೆ. ಚೆಪ್‌ಗೆಟಿಚ್ ತೀರ್ಪು ಓದಲು ಕಷ್ಟ ಏನಿಲ್ಲ, ಹೊಸ ಓದುಗರು ಅದರಿಂದಲೇ ಶುರು ಮಾಡಬಹುದು.